ಕಾಲಿನ್ ಸಾಹೇಬರ ‘ಮೇಟ್’

ಠಾಕುರ್ಲಿ

ಸತ್ಯಭಾಮಕ್ಕನಿಗೆ ಪುಂಡರೀಕಾಕ್ಷನ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಮಗಳು ಸಂಜನಾಳ ಹೆರಿಗೆ ಸುಸೂತ್ರವಾಯಿತೆಂದು ಓದಿ ಸಂತೋಷವಾಯಿತು. ಮಗುವಿನ ಸುದ್ದಿ ಎರಡೇ ಸಾಲು. ಉಳಿದದ್ದೆಲ್ಲ ಆ ಆಸ್ಟ್ರೇಲಿಯಾದ ಹಳ್ಳಿಯ ಪುರಾಣ: ಚಿನ್ನ ಸಿಕ್ಕಿ ಊರು ಹುಟ್ಟಿತು, ಗಣಿ ಮುಚ್ಚಿದ ಮೇಲೆ ರೈಲೂ ನಿಂತಿತು, ಈಗಿರುವುದು ಕುರಿ ಮತ್ತು ಗೋಧಿ, ಜನವರಿಯಲ್ಲಿ ಬೆಂಕಿಯಂಥ ಬಿಸಿಲು, ಜೂನ್‌ನಲ್ಲಿ ಹುಲ್ಲಿನ ಮೇಲೆ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಎಲ್ಲ ಹೇಳಿಕೊಟ್ಟವರು ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುವ ಕಾಲಿನ್ ಸಾಹೇಬರು. ನಿಮ್ಮನ್ನು ಗಣಿಯ ಗುಡ್ಡಕ್ಕೂ ಹತ್ತಿಸಿದರಂತೆ.

ನಮ್ಮ ಕಲ್ಯಾಣ ಎರಡು ಸಾವಿರ ವರ್ಷದ ಹಿಂದೆಯೇ ಬಂದರು ಪಟ್ಟಣವಾಗಿತ್ತು. ಇಲ್ಲಿಂದ ಮುಂದಿನ ಸ್ಟೇಷನ್. ಹೋಗಿ ಖಾಡಿಯ ಹಿನ್ನೀರು ನೋಡಿ ಬರೋಣವೆಂದರೆ ನಿಮಗೆ ಮೊಣಕಾಲು ನೋವು!

ಆ ಕಾಲಿನ್ ಸಾಹೇಬ ನಿಮ್ಮನ್ನು ‘ಮೇಟ್’ ಎಂದು ಕರೆಯುತ್ತಾನೆಂದು ಬರೆದಿದ್ದೀರಿ. ನಾನೂ ಬಿ.ಎ.ಗೆ ಇಂಗ್ಲಿಷ್ ಓದಿದವನು. ಮೇಟ್ ಎಂದರೆ ಜೋಡಿ, ಪಕ್ಷಿಗಳ ಪಾಠವೊಂದರಲ್ಲಿತ್ತು. ಕೆಳಗಿನ ಮನೆಯ ನಿಶ್ಮಿತಾ, “ಅರೇ ಅಂಕಲ್, ಉಧರ್ ಸಬ್‌ಕೋ ಮೇಟ್ ಬೋಲ್ತೇ ಹೈ. ನೀವ್ಯಾಕೆ ಟೆನ್ಶನ್ ತಗೊಳ್ಳೋದು?” ಎಂದು ನಕ್ಕಳು. ಅಲ್ಲಿ ಎಲ್ಲರೂ ಮೇಟೇ ಆಗಿದ್ದರೆ ಆತ ಪೋಸ್ಟ್‌ಮ್ಯಾನ್‌ನನ್ನೂ ಹಾಗೆಯೇ ಕರೆಯುತ್ತಾನೋ, ದಯವಿಟ್ಟು ಗಮನಿಸಿ ಬರೆಯಿರಿ. ವಾಟ್ಸಾಪ್ ಬೇಡ, ಸಂಜನಾ ಓದಿಯಾಳು.

ಇಲ್ಲಿ ಮಳೆ ಹಿಡಿದಿದೆ. ನಿಮ್ಮ ಕರಿಬೇವಿನ ಕುಂಡವನ್ನು ನನ್ನ ಮನೆಯ ಗ್ಯಾಲರಿಯೊಳಗೆ ತಂದಿಟ್ಟಿದ್ದೇನೆ. ನನ್ನವಳು ತೀರಿಕೊಂಡ ಮೇಲೆ ಸಂಜೆಯ ಚಹಾಕ್ಕೆ ಜೊತೆಯಾದವರು ನೀವೊಬ್ಬರೇ. ನನಗಿಂತ ಚಿಕ್ಕವರಾದರೂ, ಬಿಲ್ಡಿಂಗಿನವರು ಏನೆಂದುಕೊಳ್ಳುತ್ತಾರೋ ಎಂದು ನಿಮ್ಮನ್ನು ಅಕ್ಕ ಎನ್ನುತ್ತಾ ಬಂದೆ.

ವಾಪಸು ಟಿಕೆಟ್ ಯಾವತ್ತಿನದು, ತಿಳಿಸಿ. ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಅಲ್ಲಿ ಅಕ್ಕ ಎಂದು ಕೂಗುವುದಿಲ್ಲ, ಹೆಸರು ಹಿಡಿದೇ ಕೂಗುತ್ತೇನೆ. ತಿರುಗಿ ನೋಡಿ.

ನಿಮ್ಮ,
ಪುಂಡರೀಕಾಕ್ಷ