ಉಬ್ಬಿದ ಬ್ಯಾಟರಿ ಮತ್ತು ಎಳಂಕೂರಿನ ಫೈನಲ್

ಎಳಂಕೂರು, ಮಂಜೇರಿ
ಫೆಬ್ರವರಿ 11, ಮಂಗಳವಾರ ಬೆಳಗ್ಗೆ

ನನ್ನ ಮುತ್ತು ಮುಹ್ಸಿನಾಗೆ ಉಮ್ಮನ ಸಲಾಂ.

ಹೇಗಿದ್ದೀಯ ಮೋಳೇ? ಕಾಲಿನ ಬೊಬ್ಬೆ ಒಣಗಿತಾ? ಹೊಸ ಬೂಟು ಕಚ್ಚುತ್ತದೆ ಅಂತ ಬರೆದಿದ್ದೆಯಲ್ಲ, ಹಿಮ್ಮಡಿ ತಾಗುವಲ್ಲಿ ಒಂಚೂರು ತೆಂಗಿನೆಣ್ಣೆ ಸವರು, ಮೆತ್ತಗಾಗುತ್ತದೆ. ಅಲ್ಲಿ ಮೂರು ಹೊತ್ತೂ ರೊಟ್ಟಿಯಂತೆ, ಅನ್ನ ಕೇಳಿದರೆ ನಗುತ್ತಾರಂತೆ. ನಗಲಿ ಬಿಡು. ಗಡಿ ಕಾಯುತ್ತೇನೆ ಅಂತ ಹಟ ಹಿಡಿದು ಹೋದವಳು ನೀನೇ. ತರಬೇತಿ ಮುಗಿಯುವ ತನಕ ಫೋನನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ ಅಂತ ಕೇಳಿದ ದಿನ ನನಗೆ ಅಳು ಬಂದಿತ್ತು. ಈಗ ನೋಡು, ಪತ್ರ ಬರೆಯುವ ರುಚಿ ಹತ್ತಿಬಿಟ್ಟಿದೆ. ಫೋನಾಗಿದ್ದರೆ ನೀನು ಅರ್ಧಕ್ಕೇ "ಆಯ್ತು ಉಮ್ಮಾ, ಇಡ್ತೀನಿ" ಅಂತಿದ್ದೆ. ಪತ್ರದ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ನಿನ್ನ ಉಪ್ಪನ ಹಟ, ಹಸಿವು, ಮುಂಗೋಪ ಎಲ್ಲ ಎಂದಿನಂತೆಯೇ ಇವೆ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದದ್ದು ನಿನ್ನ ಹಳೇ ಲ್ಯಾಪ್‌ಟಾಪು. ಗಂಟಲಿನ ಆಪರೇಷನ್‌ನಲ್ಲಿ ಉಪ್ಪನ ದನಿಪೆಟ್ಟಿಗೆ ತೆಗೆದ ಮೇಲೆ, ಅಕ್ಷರ ಕುಟ್ಟಿದರೆ ಅದು ಅವರ ಬದಲು ಮಾತಾಡುವ ಹಾಗೆ ನೀನು ಮಾಡಿಕೊಟ್ಟು ಹೋದೆಯಲ್ಲ, ಅಂದಿನಿಂದ ಅದು ನಮ್ಮ ಮನೆಯ ನಾಲ್ಕನೇ ಜೀವ. ಇಪ್ಪತ್ತೇಳು ವರ್ಷ ಮಲಪ್ಪುರಂ ಜಿಲ್ಲೆಯ ಫುಟ್ಬಾಲ್ ಮೈದಾನಗಳಲ್ಲಿ ಕಾಮೆಂಟರಿ ಹೇಳಿ ಗುಡುಗಿದ ಮೈಕ್ ಅಲವಿಗೆ ಆ ಯಂತ್ರದಲ್ಲಿ ಸಿಕ್ಕಿದ್ದು ಒಂದು ಹೆಣ್ಣುದನಿ, ಅದೂ ಬ್ಯಾಂಕಿನಿಂದ ಫೋನು ಬಂದಾಗ ಕೇಳುವಂಥ ನಯವಾದ ದನಿ. ಬೈಯುವುದನ್ನೂ ಅದು ನಯವಾಗಿಯೇ ಬೈಯುತ್ತದೆ. ಸರಿ, ಅದಕ್ಕೂ ಒಗ್ಗಿಕೊಂಡಿದ್ದೆವು. ನೀನು ಹೋಗಿ ಹದಿನೈದು ದಿನವಾಗಿರಲಿಲ್ಲ, ಪರದೆಯ ಮೂಲೆಯ ಬ್ಯಾಟರಿ ಚಿತ್ರದ ಮೇಲೆ ಕೆಂಪು ಗುಣಾಕಾರದ ಗುರುತು ಬಂತು, ಬ್ಯಾಟರಿ ಬದಲಿಸಬೇಕು ಅಂತ ಬರಹ ಬೇರೆ. ಉಪ್ಪ ಅದನ್ನು ಒತ್ತಿ ಅಳಿಸಿದರು. ಮರುದಿನ ಮತ್ತೆ ಬಂತು, ಮತ್ತೆ ಅಳಿಸಿದರು. ವೈದ್ಯರ ಮಾತನ್ನೇ ಕೇಳದವರು ಯಂತ್ರದ ಮಾತು ಕೇಳುತ್ತಾರಾ?

ಆಮೇಲೆ ಒಂದು ಬೆಳಗ್ಗೆ ಮೀನು ಮಾರುವ ಮಾನು ಗೇಟಿಗೆ ಬಂದಾಗ ಜಗಳ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ನಲವತ್ತೊಂದು ಪರ್ಸೆಂಟ್ ಅಂತ ಕಾಣುತ್ತಿತ್ತು. "ಈ ಮತ್ತಿ ಮೀನು ನಿನ್ನೆಯದು. ನನ್ನನ್ನು ನೀನು ಏನೆಂದು" ಅನ್ನುವಷ್ಟರಲ್ಲಿ ದನಿ ನಿಂತು ಪರದೆ ಕಪ್ಪಾಯಿತು. ಮಾನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲವಿಕ್ಕಾ, ನಿಮ್ಮ ಕಡೆ ವಕೀಲೆ ಓಡಿಹೋದ್ಳು, ಕೇಸು ನಾನು ಗೆದ್ದೆ!" ಉಪ್ಪನ ಮುಖ ನೋಡಲಾಗಲಿಲ್ಲ ನನಗೆ. ನಗು ತಡೆಯಲು ಒಳಗೋಡಿದೆ, ಒಳಗೆ ಹೋದ ಮೇಲೆ ಅಳು ಬಂತು. ಅವತ್ತೇ ಮನಸ್ಸಲ್ಲಿ ಅಂದುಕೊಂಡೆ, ಇದರ ರೋಗ ಏನೆಂದು ನಾನೇ ಕಂಡುಹಿಡಿಯುತ್ತೇನೆ.

ನಗಬೇಡ. ಪ್ಲಗ್ಗು ಬದಲಿಸಿ ನೋಡಿದೆ. ಚಾರ್ಜರಿನ ಮೂತಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಫೋನಿನಲ್ಲಿ ಯಾರೋ ಹೇಳಿದ್ದು ಕೇಳಿ, ನೂರು ಮುಟ್ಟುವ ತನಕ ತುಂಬಿಸಿ, ತಾನಾಗಿ ಸಾಯುವ ತನಕ ಓಡಿಸಿ, ಮತ್ತೆ ತುಂಬಿಸಿದೆ. ಎಲ್ಲವನ್ನೂ ನಿನ್ನ ಹಳೇ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊದಲ ಸಲ ಮೂವತ್ತೆಂಟು ನಿಮಿಷ ಬಾಳಿತು, ಎರಡನೇ ಸಲ ಇಪ್ಪತ್ತಾರು, ಮೂರನೇ ಸಲ ಹತ್ತೊಂಬತ್ತು. ಅಷ್ಟರಲ್ಲಿ ಬೆರಳಾಡಿಸುವ ಜಾಗ ಕಾವಲಿಯ ಮೇಲಿನ ಪತ್ತಿರಿ ರೊಟ್ಟಿಯ ಹಾಗೆ ಉಬ್ಬಿ ಬಂತು, ಮುಚ್ಚಳ ಸರಿಯಾಗಿ ಕೂರಲಿಲ್ಲ. ನಾನು ಏನು ಮಾಡಿದೆ ಗೊತ್ತಾ? ಚಪ್ಪಟೆಯಾಗಲಿ ಅಂತ ಅಕ್ಕಿ ಡಬ್ಬ ಹೇರಿಟ್ಟೆ! ಎರಡು ದಿನ! ಆಮೇಲೆ ಚೀಲಕ್ಕೆ ಹಾಕಿಕೊಂಡು ಮಂಜೇರಿಯಲ್ಲಿ ರಿಪೇರಿ ಮಾಡುವ ಪ್ರಜೀಷನ ಅಂಗಡಿಗೆ ಬಸ್ಸಿನಲ್ಲಿ ಹೋದೆ. ಅವನು ಹಿಂಬದಿಯ ಸ್ಕ್ರೂ ಬಿಚ್ಚಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. "ಕುಲ್ಸುತ್ತಾ, ಇದನ್ನ ಮಡಿಲಲ್ಲಿಟ್ಕೊಂಡು ಬಂದ್ರಾ? ಬೆಂಕಿ ಹತ್ಕೊಂಡಿದ್ರೆ ಬಸ್ಸಿಗೆ ಬಸ್ಸೇ ಹೋಗ್ತಿತ್ತಲ್ಲಾ!" ಅಕ್ಕಿ ಡಬ್ಬದ ಸಂಗತಿ ಹೇಳಿದ ಮೇಲೆ ನನ್ನನ್ನು ಬಾಗಿಲಾಚೆ ನಿಲ್ಲಿಸಿದ. ಉಬ್ಬಿದ ಬ್ಯಾಟರಿಯನ್ನು ಮೆಲ್ಲಗೆ ಬಿಡಿಸಿ ಹೊರಗೆ ಮರಳಿನ ಬಕೆಟ್ಟಿಗೆ ಹಾಕಿದ. ಅಷ್ಟು ಹಳೇ ಮಾದರಿಗೆ ಹೊಸ ಬ್ಯಾಟರಿ ಎರ್ನಾಕುಲಂನಿಂದ ಬರಬೇಕು, ಸೋಮವಾರವಾಗುತ್ತದೆ ಅಂದ. ಅಲ್ಲಿಯ ತನಕ ನೇರ ಕರೆಂಟಿನಲ್ಲಿ ನಡೆಯುತ್ತದೆ, ಆದರೆ ಕರೆಂಟು ಹೋದರೆ ಅದೇ ಗಳಿಗೆಗೆ ಅದೂ ಹೋಗುತ್ತದೆ.

ಸೋಮವಾರ! ನಮ್ಮ ಊರಿನ ಏಳಾಳಿನ ಸೆವೆನ್ಸ್ ಫುಟ್ಬಾಲ್ ಫೈನಲ್ ಇದ್ದದ್ದು ಭಾನುವಾರ. ಆಪರೇಷನ್ ಆಗಿ ಹದಿನಾಲ್ಕು ತಿಂಗಳು ಮೈದಾನದ ಕಡೆ ತಲೆ ಹಾಕದಿದ್ದ ಉಪ್ಪನನ್ನು ಪಂದ್ಯದ ಕಮಿಟಿಯ ಬೀರಾನಿಕ್ಕ ಮನೆಗೇ ಬಂದು ಕರೆದಿದ್ದರು. "ಫೈನಲ್ಲಿಗೆ ನೀನೇ ಬೇಕು. ಯಂತ್ರವೋ ಮಂತ್ರವೋ, ನೀನು ಬಾ." ಕಮಿಟಿಯಲ್ಲಿ ಕೆಲವರು "ಫೈನಲ್ಲಿಗೆ ಬ್ಯಾಂಕಿನ ಹುಡುಗಿ ಮಾತಾಡೋದಾ?" ಅಂತ ಕುಟುಕಿದ್ದು ಉಪ್ಪನ ಕಿವಿಗೂ ಬಿದ್ದಿತ್ತು. ಆ ವಾರವಿಡೀ ಅವರು ಅನ್ನ ತಿಂದದ್ದು ಅಷ್ಟಕ್ಕಷ್ಟೇ. ಹಾಗಾಗಿ ಮೈದಾನದ ಪಕ್ಕದ ಕ್ಷೌರದಂಗಡಿಯಿಂದ ವಯರು ಎಳೆಸಿದೆ. ವಯರಿನ ತುದಿಯಲ್ಲಿ ಪ್ಲಗ್ಗು ಸಡಿಲ ಇತ್ತು, ಬೀಳದ ಹಾಗೆ ಹಿಡಿದುಕೊಂಡು ಕೂರುವುದು ನನ್ನ ಕೆಲಸ. ಪ್ಲಗ್ಗು ಹಿಡಿಯಲು ಬಂದವಳಿಗೆ ಕಮಿಟಿಯ ಮೇಜಿನ ಹತ್ತಿರವೇ ಕುರ್ಚಿ ಸಿಕ್ಕಿತು ನೋಡು.

ಮೊದಲರ್ಧ ಹೂವಿನ ಹಾಗೆ ನಡೆಯಿತು. ಉಪ್ಪ ಹತ್ತು ಬೆರಳಲ್ಲೂ ಕುಟ್ಟುತ್ತಿದ್ದರು. ಘಾನಾದಿಂದ ಬಂದ ಕೋಫಿ ಅನ್ನುವ ಆಟಗಾರನನ್ನು ಆ ದನಿ ಪ್ರತಿ ಸಲವೂ "ಕಾಫಿ" ಅನ್ನುತ್ತಿತ್ತು, ಜನ "ಸಕ್ಕರೆ ಹಾಕಿ, ಸಕ್ಕರೆ ಹಾಕಿ" ಅಂತ ಕೂಗುತ್ತಿದ್ದರು. ಎರಡನೇ ಅರ್ಧದಲ್ಲಿ ಒಂದಕ್ಕೆ ಒಂದು ಸಮ. ಮುಗಿಯಲು ಏಳೋ ಎಂಟೋ ನಿಮಿಷ ಇರುವಾಗ ಕರೆಂಟು ಹೋಯಿತು. ಪ್ಲಗ್ಗು ನನ್ನ ಕೈಯಲ್ಲೇ ಇತ್ತು, ನನ್ನ ತಪ್ಪಲ್ಲ, ಆಣೆ! ಲೌಡ್ ಸ್ಪೀಕರ್ ಜೀಪಿನ ಬ್ಯಾಟರಿಯಲ್ಲಿ ನಡೆಯುತ್ತಿದ್ದುದರಿಂದ ಮೈಕಿಗೆ ಜೀವ ಇತ್ತು, ಲ್ಯಾಪ್‌ಟಾಪಿಗೆ ಮಾತ್ರ ಇರಲಿಲ್ಲ. ಮೈದಾನದ ತುಂಬ ಜನ, ಮೈಕಿನಿಂದ ಬರೀ ಗುಂಯ್ ಅನ್ನುವ ಸದ್ದು. ಎಲ್ಲೋ ಒಬ್ಬ ಶಿಳ್ಳೆ ಹಾಕಿದ. ಬೀರಾನಿಕ್ಕ ಎದ್ದು ಬೇರೆ ಯಾರನ್ನೋ ಕರೆಯಲು ಕೈ ಎತ್ತಿದರು. ಉಪ್ಪನ ಬೆರಳುಗಳು ಸತ್ತ ಕೀಲಿಗಳ ಮೇಲೆ ಹಾಗೇ ಇದ್ದವು. ಆಮೇಲೆ ಅವರು ಮೈಕು ಎತ್ತಿ, ಬೀರಾನಿಕ್ಕನಿಗಲ್ಲ, ನನ್ನ ಮುಂದೆ ಹಿಡಿದರು. ನಾನು ತಲೆ ಅಲ್ಲಾಡಿಸಿದೆ. ಆಟಗಾರರ ಹೆಸರಿದ್ದ ಚೀಟಿಯ ಹಿಂದೆ ಎರಡೇ ಮಾತು ಗೀಚಿದರು: "ನಿನಗೆ ಬರುತ್ತೆ."

ಬಾರದೇ ಇರುತ್ತದಾ! ಮದುವೆಯಾದಂದಿನಿಂದ ಸ್ನಾನದ ಮನೆಯಲ್ಲಿ, ಅಡುಗೆಮನೆಯಲ್ಲಿ ಅವರು ಅಭ್ಯಾಸ ಮಾಡಿದ್ದೆಲ್ಲ ನನ್ನ ಕಿವಿಯೊಳಗೇ ಇದೆ. ಮೊದಲ ಮಾತು ಆಡಿನ ಮರಿ ಅರಚಿದ ಹಾಗೆ ಬಂತು. ಅಷ್ಟರಲ್ಲಿ ನೀಲಿ ಅಂಗಿಯ ಐದನೇ ನಂಬರಿನವನು ಕೋಫಿಯ ಅಂಗಿ ಹಿಡಿದು ಜಗ್ಗಿದ. ನನಗೆ ಮೈಕು ಮರೆತೇಹೋಯಿತು. "ಏಯ್ ಐದನೇ ನಂಬರ್, ಬಿಡೋ ಅವನ ಅಂಗೀನ! ಹರಿದ್ರೆ ಹೊಲಿಯೋದು ನಿಮ್ಮಮ್ಮನಾ?" ಮೈದಾನ ಬಿದ್ದು ಬಿದ್ದು ನಕ್ಕಿತು ಮೋಳೇ, ರೆಫ್ರಿಯೂ ನಕ್ಕ, ಐದನೇ ನಂಬರಿನವನು ನಮ್ಮ ಕಡೆ ತಿರುಗಿ ಕೈ ಮುಗಿದ. ಅಲ್ಲಿಂದ ನನ್ನನ್ನು ಹಿಡಿಯುವವರಿರಲಿಲ್ಲ. ಉಪ್ಪ ಬೆರಳಲ್ಲಿ ನಂಬರು ತೋರಿಸುತ್ತಾರೆ, ನಾನು ಹೆಸರು ಕೂಗುತ್ತೇನೆ. ಚೆಂಡು ಗೋಲಿನ ಹತ್ತಿರ ಹೋದಾಗ ಅವರು ಮೇಜು ಬಡಿಯುತ್ತಾರೆ, ನಾನು ದನಿ ಏರಿಸುತ್ತೇನೆ. ಕೊನೇ ನಿಮಿಷಕ್ಕೆ ಕೋಫಿ ಬಲಗಡೆಯಿಂದ ನುಗ್ಗಿ ಹೊಡೆದ. "ಗೋಲ್!" ಅಂತ ನಾನು ಎಳೆದದ್ದು ಮಂಜೇರಿಗೂ ಕೇಳಿಸಿತು ಅಂತ ಮಾನು ಹೇಳುತ್ತಾ ತಿರುಗುತ್ತಿದ್ದಾನೆ. ಕರೆಂಟು ಯಾವಾಗಲೋ ಬಂದಿತ್ತಂತೆ. ಉಪ್ಪ ಪ್ಲಗ್ಗು ಕಿತ್ತು ಜೇಬಿಗೆ ಹಾಕಿಕೊಂಡು ಕೂತಿದ್ದರು, ಕಳ್ಳ.

ಹೊಸ ಬ್ಯಾಟರಿ ನಿನ್ನೆ ಕೂತಿತು, ಕೆಂಪು ಗುರುತು ಮಾಯವಾಗಿದೆ. ಯಾವಾಗಲೂ ಪ್ಲಗ್ಗಿನಲ್ಲೇ ಇಡಬೇಡಿ, ಮಡಿಲಿನ ದಿಂಬಿನ ಮೇಲಿಟ್ಟು ಬಿಸಿ ಮಾಡಬೇಡಿ ಅಂದಿದ್ದಾನೆ ಪ್ರಜೀಷ. ಅಕ್ಕಿ ಡಬ್ಬದ ಬಗ್ಗೆ ಬೇರೆಯಾಗಿ ಹೇಳಿದ.

ರಂಜಾನಿನ ನೋಂಬು, ಉಪವಾಸ ಹತ್ತಿರ ಬಂತು. ಅಲ್ಲಿ ಓಟ, ಕವಾಯತು ಇರುವಾಗ ಹೇಗೆ ಹಿಡಿಯುತ್ತೀಯೋ, ದೊಡ್ಡವರನ್ನು ಕೇಳಿ ಮಾಡು, ದೇಹ ದಂಡಿಸಬೇಡ. ಪಕ್ಕದ ಹಾಸಿಗೆಯ ಆ ಮಣಿಪುರದ ಹುಡುಗಿಗೆ ನನ್ನ ನೆನಪು ಹೇಳು. ಹುಟ್ಟಿಸಿದವನು ನಿನ್ನ ಕಾಲಿಗೆ ಬಲ, ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನ ಉಮ್ಮ,
ಉಮ್ಮುಕುಲ್ಸು

ಮತ್ತೆ, ಸಂಜೆ ನಾಲ್ಕೂವರೆ: ಇವತ್ತು ಉಪ್ಪನ ತಪಾಸಣೆ ಅಂತ ಬೆಳಗ್ಗೆ ಬರೆಯುವ ಧೈರ್ಯ ಇರಲಿಲ್ಲ. ಈಗಷ್ಟೇ ಕಲ್ಲಿಕೋಟೆಯಿಂದ ಬಂದೆವು. ಡಾಕ್ಟರು ಸ್ಕ್ಯಾನ್ ನೋಡಿದರು. ಏನೂ ಇಲ್ಲ ಮೋಳೇ. ಗಂಟಲಲ್ಲೂ ಇಲ್ಲ, ಎದೆಯಲ್ಲೂ ಇಲ್ಲ, ಆ ರೋಗ ಮರಳಿ ಬಂದಿಲ್ಲ. ಇನ್ನು ಆರು ತಿಂಗಳು ಬಿಟ್ಟು ಮುಖ ತೋರಿಸಿದರೆ ಸಾಕಂತೆ. ನಿನ್ನ ಮೂರು ಪತ್ರದಲ್ಲೂ ನೀನು ಕೇಳಲಿಲ್ಲ, ಕೇಳಲು ಹೆದರಿದ್ದೆ ಅಂತ ನನಗೆ ಗೊತ್ತು. ಉಪ್ಪ ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಎರಡು ಬಿರಿಯಾನಿ ತಿಂದರು, ನಾನು ನೋಡುತ್ತಾ ಕೂತೆ. ಐದಕ್ಕೆ ಅಂಚೆ ಪೆಟ್ಟಿಗೆ ತೆಗೆಯುತ್ತಾರೆ, ಓಡುತ್ತೇನೆ.