ನಾಲ್ಕನೇ ಕಮಾನು

ನದಿ ದಂಡೆಯ ವಸತಿಗೃಹ, ಮೂರನೇ ಮಹಡಿ
ಭಾನುವಾರ ಬೆಳಿಗ್ಗೆ

ಪ್ರೀತಿಯ ತಾತಾ,

ಕೈನಡುಕ ಹೇಗಿದೆ? ‘ಏನೂ ಇಲ್ಲ’ ಎನ್ನಬೇಡ. ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚಹಾವನ್ನು ನಿನ್ನ ಅಂಗಿಯೇ ಕುಡಿಯುತ್ತದಂತೆ, ಅಮ್ಮ ಹೇಳಿದಳು. ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ಬೈಯುತ್ತೀಯ. ಕಾಗದವನ್ನಾದರೆ ಕೊನೆಯವರೆಗೂ ಓದಲೇಬೇಕು.

ನಾಟಕ ಕಂಪನಿಗೆ ನೀನು ಬರೆದ ಪರದೆಯ ಮೇಲಿತ್ತಲ್ಲ, ಪರದೇಶದ ಹಳೇ ಊರು, ಅಲ್ಲಿಗೇ ಬಂದಿದ್ದೇನೆ. ಕ್ಯಾಲೆಂಡರ್ ನೋಡಿ ನೀನು ಬರೆದ ಕಲ್ಲಿನ ಸೇತುವೆ ಈಗ ನನ್ನ ಕಿಟಕಿಗೆ ಎದುರಾಗಿದೆ. ಬೇಜಾರು ಮಾಡಿಕೊಳ್ಳಬೇಡ, ನೀನು ಬರೆದದ್ದು ತಪ್ಪು. ಇದಕ್ಕೆ ನಾಲ್ಕು ಕಮಾನು, ನಿನ್ನ ದೊಡ್ಡ ಪರದೆಯಲ್ಲಿ ಮೂರೇ. ಬಟ್ಟೆ ಸಾಲದೆ ನಾಲ್ಕನೆಯದನ್ನು ಪಕ್ಕದ ಸಣ್ಣ ಪರದೆಯ ಮೇಲೆ ಬರೆದು, ರಾಜ ಅದರ ಮರೆಯಿಂದ ಬರುವಂತೆ ಮಾಡಿದ್ದೆ. ಚಪ್ಪಾಳೆ ಬಿದ್ದದ್ದು ರಾಜನಿಗಲ್ಲ, ಕಮಾನಿಗೆ ಎಂದು ಇವತ್ತಿಗೂ ಜಂಬ ಕೊಚ್ಚುತ್ತೀಯ.

ನಮ್ಮ ಸಿನಿಮಾದಲ್ಲಿ ಈ ಸೇತುವೆಯ ಮೇಲೆ ಕುದುರೆಗಾಡಿಗಳು ಓಡಬೇಕು. ಚಿತ್ರೀಕರಣಕ್ಕೆ ಜಾಗ ಹುಡುಕಿ ಅನುಮತಿ ಪಡೆಯುವುದು ನನ್ನ ಕೆಲಸ. ಸೇತುವೆಯ ಉಸ್ತುವಾರಿ ನೋಡುವ ಹೆಂಗಸು ನನ್ನನ್ನು ಕಮಾನಿನ ಕೆಳಗೆ ಕರೆದೊಯ್ದು ಕಲ್ಲಿನ ಸಂದಿಗೆ ಬೆರಳು ಹಾಕಿ ತೋರಿಸಿದಳು. ಗಾರೆ ಹಿಟ್ಟಿನಂತೆ ಉದುರಿತು. ನಮ್ಮ ಮ್ಯಾನೇಜರ್ ಮಾತ್ರ, “ಜನ ನಡೆದಾಡ್ತಾರೆ ಅಷ್ಟೇ ಅಂತ ಹೇಳು. ಗಾಡಿ ವಿಷಯ ಯಾಕೆ ಬಾಯಿಬಿಡ್ತೀಯ?” ಎಂದರು. ಬಾಯಿಬಿಟ್ಟೆ. ಗಾಡಿ ಓಡಿಸಲು ಅನುಮತಿ ಸಿಗಲಿಲ್ಲ.

“ಸ್ಕೂಲು ಅರ್ಧಕ್ಕೆ ಬಿಟ್ಟವಳನ್ನ ನಂಬಿದ್ದಕ್ಕೆ ನಮ್ಮನ್ನೂ ನಡುನೀರಲ್ಲಿ ಬಿಟ್ಟಳು” ಎಂದು ಅವರು ಕೂಗಾಡಿದರು. ನಿರ್ದೇಶಕರು, “ಸರಿ, ಸೇತುವೆ ಇಲ್ಲ. ಮತ್ತೇನಿದೆ ನಿನ್ಹತ್ರ?” ಎಂದು ಕೇಳಿದರು. ಆಗ ನಿನ್ನ ನಾಲ್ಕನೇ ಕಮಾನು ನೆನಪಾಯಿತು. ದೂರದ ನೋಟಕ್ಕೆ ನಿಜವಾದ ಸೇತುವೆ ಇರಲಿ; ಗಾಡಿ ಓಡುವಾಗ ಬಯಲಲ್ಲಿ ಒಂದು ದಾರಿ, ಹಿಂದೊಂದು ಪರದೆ, ಪಕ್ಕಕ್ಕೊಂದು ಪರದೆ ಸಾಕು ಎಂದೆ. ಅವರಿಗೆ ಹಿಡಿಸಿತು. ತಿಂಗಳೊಳಗೆ ಪರದೆ ಎದ್ದರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ.

ಅಂದಿನಿಂದ ಸೇತುವೆಯನ್ನೇ ನೋಡುತ್ತ ಕೂರುತ್ತೇನೆ. ಕಾಲಿಗೆ ಗಾಲಿ ಕಟ್ಟಿಕೊಂಡು ಹುಟ್ಟಿದವಳು ಎನ್ನುತ್ತಿದ್ದೆಯಲ್ಲ, ಈಗ ನೋಡಬೇಕಿತ್ತು ನೀನು! ಬೆಳಿಗ್ಗೆ ಬೂದಿಯಂತಿದ್ದ ಕಲ್ಲಿಗೆ ಸಂಜೆ ಬೆಲ್ಲದ ಬಣ್ಣ. ನೀರಿನ ಹೊಳಪು ಕಮಾನಿನ ಒಳಮೈಯಲ್ಲಿ ಹರಿದಾಡುತ್ತದೆ. ಅದು ನಿನ್ನ ಪರದೆಯಲ್ಲಿರಲಿಲ್ಲ. ಕ್ಯಾಲೆಂಡರಿನ ನದಿ ಅಲುಗಾಡುವುದಿಲ್ಲವಲ್ಲ, ನಿನ್ನ ತಪ್ಪೇನೂ ಅಲ್ಲ.

ಅಮ್ಮನಿಗೆ ನನ್ನ ನೆನಪು ಹೇಳು. ಚಹಾ ಅರ್ಧ ಲೋಟವೇ ಹಾಕಿಸಿಕೋ, ಅಂಗಿಯ ಪಾಲು ಉಳಿಯುತ್ತದೆ.

ನಿನ್ನ ಮೊಮ್ಮಗಳು,
ಗಾಲಿ

ತಾ.ಕ.: ಪರದೆ ಬರೆಯುವವನು ನೀನೇ ಎಂದು ನಿರ್ದೇಶಕರಿಗೆ ಹೇಳಿಬಿಟ್ಟಿದ್ದೇನೆ. ಕೈ ನಡುಗುತ್ತದೆ ಎಂದೂ ಹೇಳಿದ್ದೇನೆ. “ಹಾಗಾದ್ರೆ ಕುಂಚ ಹಿಡಿಯೋರು ಯಾರು?” ಎಂದರು. ನಾನು ಎಂದೆ. ಶಾಲೆ ಮುಗಿಸುವವರೆಗೂ ಕುಂಚ ಮುಟ್ಟಕೂಡದು ಎಂದು ನೀನು ಬಣ್ಣದ ಪೆಟ್ಟಿಗೆಗೆ ಬೀಗ ಜಡಿದಿದ್ದೀಯ. ನಿನಗೆ ಸುಳ್ಳು ಹೇಳಲಾರೆ ತಾತಾ, ಶಾಲೆ ನಾನು ಮುಗಿಸುವುದಿಲ್ಲ. ನೀನು ಪಕ್ಕದಲ್ಲಿ ಕೂತು ಬೈಯುತ್ತಿರು, ನಾನು ಬರೆಯುತ್ತೇನೆ. ಬರುವುದಾದರೆ ಬೀಗದ ಕೈ ಮರೆಯಬೇಡ.