ಹಾಜರಿಗೊಂದು ಒಳ್ಳೆಯ ಸುದ್ದಿ

ಮರಗೆಲಸ ಶಾಲೆ
ಗುರುವಾರ, ಹದಿನೆಂಟನೆಯ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯೆಂದು ಕೇಳುವುದಕ್ಕೇ ಒಂದು ವಾರ ತಡಮಾಡಿದೆ, ಕ್ಷಮಿಸು. ಸಾಂಕ್ರಾಮಿಕ ರೋಗ ನಿನ್ನ ತಾಯಿಯವರನ್ನು ಕೊಂಡೊಯ್ದ ಸಂಗತಿಯನ್ನು ನಿನ್ನ ಚಿಕ್ಕಮ್ಮ ಕಳೆದ ವಾರವಷ್ಟೇ ಹೇಳಿದರು. ನೀನು ಶಾಲೆ ಬಿಡುವ ಯೋಚನೆಯಲ್ಲಿರುವುದನ್ನೂ ತಿಳಿಸಿದರು. ನಾಲ್ಕು ಸಲ ಬರೆಯಲು ಕುಳಿತು, ನಾಲ್ಕು ಸಲವೂ ಎದ್ದೆ.

ಶಾಲೆ ಮುಚ್ಚಿದ್ದಾಗ ಬೆಳಗಿನ ಹಾಜರಿಯನ್ನು ಫೋನಿನಲ್ಲೇ ತೆಗೆದುಕೊಳ್ಳುತ್ತಿದ್ದೆನಲ್ಲ. ಪ್ರತಿಯೊಬ್ಬರೂ ಒಂದು ಒಳ್ಳೆಯ ಸುದ್ದಿ ಹೇಳಬೇಕು, ಕೆಟ್ಟದ್ದರ ಮಾತೆತ್ತಕೂಡದು ಎಂದು ಕಟ್ಟಳೆ ಹಾಕಿದವನು ನಾನೇ. ನಿಮ್ಮ ಮನಸ್ಸು ಕುಗ್ಗದಿರಲೆಂಬ ಆಸೆ. ನೀನು ಕರೆಗೆ ಬರುವುದನ್ನು ನಿಲ್ಲಿಸಿದ ಮೇಲೆ, ನೀವೆಲ್ಲ ‘ಅಳತೆಕಡ್ಡಿ’ ಎಂದು ಕರೆಯುವ ನಮ್ಮ ಉದ್ದನೆಯ ಹುಡುಗ ಒಂದು ದಿನ ಆ ಕಟ್ಟಳೆಯನ್ನು ಮುರಿದ.

"ಒಳ್ಳೇದೇ ಹೇಳ್ಬೇಕು ಅಂದ್ರೆ ಸುಳ್ಳು ಹೇಳ್ಬೇಕಾಗತ್ತೆ ಮೇಷ್ಟ್ರೇ. ನಿನ್ನೆ ಇಡೀ ದಿನ ಮುಸುಕು ಹಾಕ್ಕೊಂಡು ಬಿದ್ದಿದ್ದೆ. ಯಾಕೋ ಅಳು ಬರ್ತಿತ್ತು."

ಆಮೇಲೆ ನಿನ್ನ ಪಕ್ಕದ ಮೇಜಿನ ವಾಚಾಳಿ ಬಾಯಿ ತೆರೆದಳು: "ಕ್ಲಾಸಲ್ಲೂ ನೀನು ಬಿದ್ಕೊಂಡೇ ಇರ್ತಿದ್ದೆ ಬಿಡೋ, ಅಭ್ಯಾಸ ತಪ್ಪಿಲ್ಲ! ಆಮೇಲೆ ಎದ್ಯಾ ಇಲ್ವಾ?"

"ಸಂಜೆ ಎದ್ದೆ ಕಣೇ. ಅಡುಗೆಮನೆ ಬಾಗಿಲು ಹಿಡ್ಕೊಳ್ತಿತ್ತು. ಅಂಚು ಉಜ್ಜಿ ಸರಿ ಮಾಡ್ದೆ."

ಅಂದಿನಿಂದ ಹಾಜರಿಯ ಕ್ರಮ ಬದಲಾಯಿತು: ಮೊದಲು ಕಷ್ಟ, ಅನಂತರ ಅದರ ನಡುವೆಯೇ ಮಾಡಿದ ಒಂದು ಕೆಲಸ. ಭರವಸೆಯೆಂಬುದು ನೋವನ್ನು ಮುಚ್ಚಿಡುವ ಬಣ್ಣವಲ್ಲವೆಂದು ನನಗೆ ಕಲಿಸಿದವರು ನೀವೇ. ಮಧ್ಯಾಹ್ನ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಶಾಲೆ ಬಿಡಲು ಹೊರಟಿದ್ದ ಇಬ್ಬರು ಉಳಿದುಕೊಂಡಿದ್ದಾರೆ. ಇಂದು ಎಲ್ಲರೂ ಸೇರಿ ಕಾರ್ಯಾಗಾರ ಗುಡಿಸಿದರು. ಪೊರಕೆಯ ಸದ್ದು, ಅದಕ್ಕಿಂತ ದೊಡ್ಡದಾಗಿ ಅವರ ಜಗಳ. ಕೇಳುತ್ತ ನನ್ನ ಮನಸ್ಸು ತುಂಬಿತು.

ಸೋಮವಾರ ತರಗತಿ ಆರಂಭ. ನಿನ್ನ ಮೇಜನ್ನು ಯಾರಿಗೂ ಕೊಟ್ಟಿಲ್ಲ. ಬಂದು ಕೆಲಸ ಮಾಡದೆ ಸುಮ್ಮನೆ ಕುಳಿತರೂ ಅದು ಹಾಜರಿಯೇ. ಧೈರ್ಯ ನಿನ್ನ ಜೊತೆಗಿರಲಿ, ನಿದ್ದೆ ನೆಮ್ಮದಿಯಾಗಿ ಬರಲಿ.

ಇಂತಿ ನಿನ್ನ ಹಿತವನ್ನೇ ಬಯಸುವ
ಮೇಷ್ಟ್ರು

ಮರೆತೆನೆಂದಲ್ಲ, ಬರೆಯಲು ಕೈ ಬಾರದೆ ಉಳಿದದ್ದು: ನೀನು ಕೊನೆಯ ಸಲ ಹಾಜರಿ ಹೇಳಿದಾಗ, "ನಿನ್ನೆ ನಾನೇ ಅಡುಗೆ ಮಾಡ್ದೆ ಮೇಷ್ಟ್ರೇ, ಸೀಯಲಿಲ್ಲ" ಎಂದೆ. ನಾನು "ಭೇಷ್! ಇನ್ನು ನಿಮ್ಮಮ್ಮ ಆರಾಮಾಗಿರ್ಬಹುದು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು "ಹೂಂ" ಎಂದೆ. ನಿಮ್ಮಮ್ಮ ತೀರಿಹೋಗಿ ಅಂದಿಗೆ ಮೂರನೆಯ ದಿನವಾಗಿತ್ತಂತೆ. ಸೋಮವಾರ ಬಂದವಳು ಮೊದಲು ನನ್ನನ್ನು ಬೈದುಬಿಡು, ಮಗಳೇ. ಆಮೇಲೆ ಉಳಿ ಹಿಡಿದರಾಯಿತು.